ಸತ್ತ ಸೈನಿಕರ ಮೇಲೆ ಹೊಟ್ಟೆಕಿಚ್ಚು
ನಿವೃತ್ತರಾದ ಮೇಲೆ ಹೊಟ್ಟೆಕಿಚ್ಚು ಪಡಲು ಯಜಮಾನರಿಗೆ ಸಿಕ್ಕವರು ಎಂದೋ ಸತ್ತುಹೋದ ಸೈನಿಕರು. ಮಗಳು ಕಂಪ್ಯೂಟರಿನಲ್ಲಿ ಯಾವುದೋ ವಸ್ತುಸಂಗ್ರಹಾಲಯದ ಹಳೆಯ ಯುದ್ಧಚಿತ್ರಗಳನ್ನೂ ಸಮವಸ್ತ್ರಗಳನ್ನೂ ತೆರೆದು ತೋರಿಸಿದ ದಿನದಿಂದ ಅವರ ಹೆಂಡತಿ ಮನೆಗೆಲಸ ಮುಗಿಯುತ್ತಲೇ ಅದರ ಮುಂದೆ ಕೂರುತ್ತಾರೆ. ಯಜಮಾನರು ಬಾಗಿಲಲ್ಲಿ ನಿಂತು ಕೆಮ್ಮುತ್ತಾರೆ. ಕೈಯಲ್ಲೇ ಪತ್ರಿಕೆ ಹಿಡಿದುಕೊಂಡು ಪತ್ರಿಕೆ ಎಲ್ಲಿ ಎನ್ನುತ್ತಾರೆ. ಈಗಷ್ಟೇ ಕುಡಿದ ಕಾಫಿಯನ್ನು ಮತ್ತೆ ಕೇಳುತ್ತಾರೆ. "ಫ್ಲಾಸ್ಕಲ್ಲಿದೆ ಕಣ್ರೀ" ಎಂಬ ಉತ್ತರ ಬರುತ್ತದೆ, ಮುಖ ಮಾತ್ರ ಇತ್ತ ತಿರುಗುವುದಿಲ್ಲ. ಮೀಸೆಯ ಕ್ಯಾಪ್ಟನ್ ಯಾರಾದರೂ ತೆರೆಯ ಮೇಲೆ ಬಂದರಂತೂ ಯಜಮಾನರಿಗೆ ಮೈಯೆಲ್ಲ ಉರಿ. ಬಚ್ಚಲಿನ ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದು ಎದೆಯುಬ್ಬಿಸಿ ನೋಡಿಕೊಂಡು, ಇನ್ನಷ್ಟು ಉರಿಯುತ್ತ ಬರುತ್ತಾರೆ. "ಇವರಿಗೇನು, ಯುದ್ಧ ಮಾಡಿ ಸತ್ತರು. ಸಂಸಾರ ಮಾಡಿ ತೋರಿಸಲಿ ನೋಡೋಣ!" ಎಂದು ಗೊಣಗುತ್ತಾರೆ. ನಿನ್ನೆ ತಡೆಯಲಾರದೆ ಬಗ್ಗಿ ನೋಡಿದರೆ ತೆರೆಯ ಮೇಲೆ ಗಂಡಸೇ ಇರಲಿಲ್ಲ. ಒಳಮೈ ಮೇಲೆ ಮಾಡಿ ಹರಡಿದ ಒಂದು ಕೋಟು. ಅದರ ಕಾಲರಿನ ಅಡಿಭಾಗವನ್ನು ಆಕೆ ದೊಡ್ಡದು ಮಾಡಿಕೊಂಡು ನೋಡುತ್ತಿದ್ದರು. "ನೋಡಿ ಇಲ್ಲಿ, ಹರಿದಲ್ಲಿ ಎಷ್ಟು ಸಣ್ಣ ಹೊಲಿಗೆ! ಯಾವ ಪುಣ್ಯಾತ್ಗಿತ್ತಿ ಕೂತು ಹಾಕಿದ್ಲೋ. ಕೋಟಿನವನ ಹೆಸರು ಬರೆದಿದ್ದಾರೆ, ಅವಳದ್ದಿಲ್ಲ." ಯಜಮಾನರ ಕೈ ತಾನಾಗಿಯೇ ತಮ್ಮ ಅಂಗಿಯ ಕಾಲರಿನ ಕೆಳಗೆ ಹೋಯಿತು. ಅಲ್ಲಿಯೂ ನವಿರಾದ ಹೊಲಿಗೆಯೊಂದು ಬೆರಳಿಗೆ ತಗುಲಿತು. "ಇದು ಯಾವಾಗ ಹರಿದಿತ್ತೇ?" ಎಂದರು. ಆಕೆ ತೆರೆಯಿಂದ ಕಣ್ಣು ತೆಗೆಯದೆ ಕೇಳಿದರು: "ಯಾವ ಸಲದ್ದು ಹೇಳ್ತಿದ್ದೀರಿ?"