ಅಪಘಾತವೇ ಆಗದ ತಿರುವು

ಕಳೆದ ನವೆಂಬರ್‌ನ ಎರಡನೇ ಸೋಮವಾರ ಬೆಳಿಗ್ಗೆ, ಅಲೆವೂರಿನಿಂದ ಮಣಿಪಾಲಕ್ಕೆ ಹೋಗುವ ಒಂದು ಒಳರಸ್ತೆಯ ತಿರುವಿನಲ್ಲಿ ಎರಡು ಸ್ಕೂಟರ್‌ಗಳು ಮುಖಾಮುಖಿ ಡಿಕ್ಕಿ ಹೊಡೆದವು. ಸವಾರರಿಬ್ಬರಿಗೂ ತರಚಿದ ಗಾಯಗಳಾದವು. ಪ್ರಕರಣ ದಾಖಲಾಗಲಿಲ್ಲ.

ಆ ತಿರುವು ನನ್ನ ಮನೆಯಿಂದ ಕೂಗಳತೆಯ ದೂರದಲ್ಲಿದೆ. ಒಳಬದಿಯಲ್ಲಿ, ರಸ್ತೆಗಾಗಿ ಗುಡ್ಡ ಕಡಿದಾಗ ಉಳಿದ ಆಳೆತ್ತರದ ಮುರಕಲ್ಲಿನ ದರೆ. ಎದುರಿನಿಂದ ಏನು ಬರುತ್ತಿದೆ ಎಂಬುದು ಬಂದ ಮೇಲೆಯೇ ತಿಳಿಯುತ್ತದೆ. ದರೆಯ ಮೇಲಿನ ಮನೆ ನಿವೃತ್ತ ಶಿಕ್ಷಕಿಯೊಬ್ಬರದು. ಊರಿಗೆಲ್ಲ ಅವರು ಟೀಚರ್. ಅವರ ಗಂಡ ಗಲ್ಫ್‌ನ ಕಾರ್ಖಾನೆಯಲ್ಲಿ ದುಡಿದು ಮರಳಿದವರು. ಅಲ್ಲಿಂದ ತಂದದ್ದರಲ್ಲಿ ಕಿವುಡುತನವೂ ಒಂದು. ದಿನಾ ಬೆಳಿಗ್ಗೆ ಏಳಕ್ಕೆ ಹಾಲಿನ ಕ್ಯಾನು ಹಿಡಿದು ಅವರು ಅದೇ ತಿರುವಿನಲ್ಲಿ ರಸ್ತೆ ದಾಟಿ ಸೊಸೈಟಿಗೆ ಹೋಗುತ್ತಾರೆ. ಹಾರ್ನ್ ಕೇಳಿಸುವುದಿಲ್ಲ. ಟೀಚರ್ ದರೆಯ ಮೇಲೆ ನಿಂತು, ಎರಡೂ ಕಡೆ ನೋಡಿ, ಕೈಸನ್ನೆಯಿಂದ ದಾಟಿಸುತ್ತಾರೆ. ಆ ಸೋಮವಾರ ಸ್ಕೂಟರ್‌ಗಳು ಬಿದ್ದದ್ದು ಅವರ ಗಂಡನಿಂದ ಎರಡು ಮಾರು ದೂರದಲ್ಲಿ.

ಟೀಚರ್ ಹತ್ತಿಯನ್ನೂ ಟಿಂಚರನ್ನೂ ಹಿಡಿದು ಇಳಿದರು. ಒಬ್ಬ ಅವರ ಹಳೆಯ ವಿದ್ಯಾರ್ಥಿ. ಇನ್ನೊಬ್ಬ ಕಾಪುವಿನ ಮೀನಿನ ವ್ಯಾಪಾರಿ.

“ಎಂತ ಮಾರಾಯ, ಮೂರನೇ ಕ್ಲಾಸಿನಲ್ಲೂ ನೀನು ರಾಂಗ್ ಸೈಡಿನಲ್ಲೇ ಓಡ್ತಿದ್ದದ್ದು.”

“ಇವರೇ ಬಂದು ಗುದ್ದಿದ್ದು, ಟೀಚರ್.”

“ಸಾಕು. ಇಬ್ಬರೂ ಕೈ ಕೊಡಿ.”

ಒಬ್ಬರಿಗೊಬ್ಬರು ಕೈ ಕೊಟ್ಟರು. ಪುನರ್ಪುಳಿ ಶರಬತ್ತು ಕುಡಿದರು. ಮೀನಿನವರು ಟೀಚರಿಗೆ ನಾಲ್ಕು ಬಂಗುಡೆ ಕೊಟ್ಟು ಹೋದರು. ಅಲ್ಲಿನ ಎಲ್ಲ ಅಪಘಾತಗಳೂ ಹೀಗೆಯೇ ಮುಗಿಯುತ್ತಿದ್ದವು. ಠಾಣೆಯ ಮೆಟ್ಟಿಲು ಹತ್ತುವುದಕ್ಕಿಂತ ಇನ್ನೊಮ್ಮೆ ಬೀಳುವುದು ಸುಲಭ ಎಂಬುದು ಊರಿನ ಒಮ್ಮತದ ಅಭಿಪ್ರಾಯ.

ದರೆ ಕಡಿದು ತಿರುವು ಅಗಲ ಮಾಡಲು ತಮ್ಮ ಅಂಗಳದ ಒಂದು ಮೂಲೆ ಬಿಟ್ಟುಕೊಡುವುದಾಗಿ ಟೀಚರ್ ಅರ್ಜಿ ಬರೆದರು. ಅದನ್ನು ಹಿಡಿದು ನಾವಿಬ್ಬರೂ ಉಡುಪಿಯ ಲೋಕೋಪಯೋಗಿ ಇಲಾಖೆಯ ಕಚೇರಿಗೆ ಹೋದೆವು. ಎಂಜಿನಿಯರ್ ಕುರ್ಚಿ ಕೊಟ್ಟು, ಕಂಪ್ಯೂಟರ್ ನೋಡಿದರು.

“ಅಲ್ಲಿ ಅಪಘಾತವೇ ಆಗಿಲ್ಲ, ಟೀಚರ್.”

“ನಾನು ಎಷ್ಟು ಜನರಿಗೆ ಪಟ್ಟಿ ಕಟ್ಟಿದ್ದೇನೆ, ಗೊತ್ತುಂಟಾ?”

“ನೀವು ಕಟ್ಟಿದ್ದು ದಾಖಲೆ ಆಗುವುದಿಲ್ಲ ಅಲ್ವಾ? ಠಾಣೆಯಲ್ಲಿ ಕೇಸ್ ಇರಬೇಕು.” ಅವರು ನನ್ನ ಕಡೆ ತಿರುಗಿದರು. “ನೀವು ಪೇಪರಿನವರು. ನೀವಾದರೂ ಬರೆದಿದ್ದೀರಾ?”

ಬರೆದಿರಲಿಲ್ಲ. ಪ್ರಕರಣ ದಾಖಲಾಗದಿದ್ದರೆ ಸುದ್ದಿಯಿಲ್ಲ ಎಂಬುದು ನಮ್ಮ ಪತ್ರಿಕೆಯ ನಿಯಮ. ನಾನು ಅದನ್ನು ಒಮ್ಮೆಯೂ ಮೀರಿಲ್ಲ.

ಬೀಳ್ಕೊಡುವಾಗ ಎಂಜಿನಿಯರ್ ಹೇಳಿದರು: “ಆದರೂ ಅಲ್ಲಿ ಸ್ವಲ್ಪ ಜಾಗ್ರತೆ. ನಾನೇ ಒಮ್ಮೆ ಬಿದ್ದಿದ್ದೇನೆ.”

“ಗೊತ್ತುಂಟು,” ಎಂದರು ಟೀಚರ್. “ಟಿಂಚರ್ ಹಾಕಿದ್ದು ನಾನೇ.”

ಬಸ್ಸಿನಿಂದ ಇಳಿಯುವಾಗ ಟೀಚರ್, “ಇನ್ನು ಯಾರು ಬಿದ್ದರೂ ಕೇಸೇ,” ಎಂದರು. ಠಾಣೆಯ ಫೋನ್ ನಂಬರನ್ನು ಬಾಗಿಲ ಪಕ್ಕದಲ್ಲಿ ಚಾಕ್‌ನಲ್ಲಿ ಬರೆದಿಟ್ಟರು. ಸುದ್ದಿ ಹಬ್ಬಿತು. ಆಮೇಲೆ ಬಿದ್ದವರು ಟೀಚರ್ ಮೆಟ್ಟಿಲಿಳಿಯುವುದರೊಳಗೆ ಎದ್ದು ಗಾಡಿ ಸ್ಟಾರ್ಟ್ ಮಾಡುತ್ತಿದ್ದರು. ಒಬ್ಬರು ಒಂದು ಚಪ್ಪಲಿಯನ್ನೂ ಬಿಟ್ಟು ಹೋದರು. ಪೊಲೀಸರು ಎರಡು ಸಲ ಬಂದು, ಆ ಚಪ್ಪಲಿ ನೋಡಿ, ಶರಬತ್ತು ಕುಡಿದು ಮರಳಿದರು.

ಜನವರಿಯಲ್ಲಿ ಒಂದು ಬೆಳಿಗ್ಗೆ ನಾನು ಕಾರ್ಕಳಕ್ಕೆ ಹೊರಟಿದ್ದೆ. ಅಲ್ಲಿನ ಕಾಲೇಜೊಂದರಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮವಿತ್ತು; ವರದಿ ನನ್ನದು. ತಡವಾಗಿತ್ತು. ತಿರುವಿನಲ್ಲಿ ದರೆ ದಾಟಿದಾಗ ಹಾಲಿನ ಕ್ಯಾನು ನಡುರಸ್ತೆಯಲ್ಲಿ ಕಂಡಿತು. ಗಂಡನಿಗೆ ನಿಲ್ಲುವಂತೆ ಟೀಚರ್ ಮೇಲಿನಿಂದ ಎರಡೂ ಕೈ ಎತ್ತಿದ್ದರು. ಅವರ ಗಂಡ ಆ ಕ್ಷಣ ಕ್ಯಾನಿನ ಮುಚ್ಚಳ ನೋಡುತ್ತಿದ್ದರು. ನಾನು ಸ್ಕೂಟರ್ ತಿರುಗಿಸಿದೆ. ಹ್ಯಾಂಡಲ್ ಅವರ ಕೈಗೆ ಬಡಿಯಿತು. ಅವರು ಬಿದ್ದರು, ನಾನು ದರೆಗೆ ಗುದ್ದಿದೆ. ಹಾಲು ರಸ್ತೆಯಲ್ಲೆಲ್ಲ ಹರಿಯಿತು.

ಟೀಚರ್ ಓಡಿಬಂದರು. ನನ್ನ ಬಾಯಿಂದ ಬಂದ ಮೊದಲ ಮಾತು ನನಗೆ ಚೆನ್ನಾಗಿ ನೆನಪಿದೆ.

“ಸಣ್ಣದು ಟೀಚರ್. ಇಲ್ಲಿಯೇ ಮುಗಿಸುವ.”

ಅವರು ಒಂದು ಕೈಯಲ್ಲಿ ಗಂಡನ ಊದಿದ ಮಣಿಕಟ್ಟು ಹಿಡಿದಿದ್ದರು, ಇನ್ನೊಂದರಲ್ಲಿ ಫೋನ್.

“ಮುಗಿಸುವುದು ಎಂತದ್ದು? ಅಲ್ಲೇ ಕೂತುಕೊಳ್ಳಿ.”

“ಎಂತ ಹೇಳ್ತಾರೆ ಇವರು?” ಎಂದು ಗಂಡ ಕೇಳಿದರು.

“ಕೈ ಕೊಡ್ತಾರಂತೆ,” ಎಂದರು ಟೀಚರ್, ಅವರ ಕಿವಿಯ ಹತ್ತಿರ ಬಾಗಿ. “ನಿಮ್ಮದು ಮುರಿದಿದೆ ಅಂತ ಹೇಳಿ.”

ಪೊಲೀಸರು ಬರುವವರೆಗೆ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಶರಬತ್ತು ಬರಲಿಲ್ಲ. ಮರುದಿನ ನಮ್ಮ ಪತ್ರಿಕೆಯ ಆರನೇ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಸವಾರನ ಹೆಸರು ಸ್ಥಳಾಭಾವದಿಂದ ಬಿಟ್ಟುಹೋಯಿತು.

ಮಾರ್ಚ್‌ನಲ್ಲಿ ಟೀಚರ್ ಗಂಡನ ಕೈಯ ಪ್ಲಾಸ್ಟರ್ ತೆಗೆದರು. ಆ ತಿರುವಿನ ಬಗ್ಗೆ ಠಾಣೆಯಲ್ಲಿ ಈಗ ಒಂದು ಪ್ರಕರಣವಿದೆ, ಆರೋಪಿ ನಾನು. ಏಪ್ರಿಲ್‌ನಲ್ಲಿ ಕಚೇರಿಯವರು ಬಂದು ಅಳತೆ ಮಾಡಿ, ದರೆಗೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ಮೇ ಕೊನೆಯ ವಾರದವರೆಗೆ ದರೆ ಕಡಿದಿಲ್ಲ. ಬೆಳಿಗ್ಗೆ ಏಳಕ್ಕೆ ಟೀಚರ್ ಅದರ ಮೇಲೆ ನಿಲ್ಲುತ್ತಾರೆ.