ಒಲೆಯೊಳಗಿನ ಪಟ್ಟೆಕಲ್ಲು

ಗಂಡ ಓಯ್ವ ತೀರಿಹೋದ ಮೇಲೆ ಸೈಮಿ ಹಬೆಸ್ನಾನದ ಕೋಣೆಯ, ಅಂದರೆ ಸೌನಾದ, ಒಲೆ ಬಿಚ್ಚಲೇ ಇಲ್ಲ. ಪ್ರತಿ ವರ್ಷ ಹಿಮ ಕರಗಿದ ಮೇಲೆ ಪುದಾಸ್‌ಯಾರ್ವಿ ಕಡೆ ಎಲ್ಲರೂ ಒಲೆ ಮೇಲಿನ ಕಲ್ಲು ಇಳಿಸುತ್ತಾರೆ. ಒಡೆದವನ್ನು ದಾರಿಗೆ ಸುರಿದು ಗಟ್ಟಿಯವನ್ನು ಮತ್ತೆ ಪೇರಿಸುತ್ತಾರೆ. ಸೈಮಿಗೆ ಕೈ ಹಾಕಲು ಆಗಲಿಲ್ಲ, ಅಷ್ಟೇ.

ಓಯ್ವ ದೊಡ್ಡ ಮನುಷ್ಯನೇನಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಮರ ಕಡಿಯುವ ಕೆಲಸ. ಊರವರ ಸೌನಾಗಳಿಗೆ ಒಲೆಯನ್ನೂ ಕಟ್ಟಿಕೊಡುತ್ತಿದ್ದ. ಕಲ್ಲನ್ನು ಸುತ್ತಿಗೆಯಿಂದ ಬಡಿದು ಕಿವಿ ಕೊಡುತ್ತಿದ್ದ. ಗಂಟೆಯ ಹಾಗೆ ನುಡಿದರೆ ಒಲೆಗೆ, ಒಡಕು ಮಡಕೆಯ ಹಾಗೆ ನುಡಿದರೆ ದಾರಿಗೆ. ಮಾತು ಕಡಿಮೆ. ಸೈಮಿಯ ಮೇಲೆ ಒಂದೇ ಸಲ ಕೂಗಾಡಿದ್ದ, ಅದೂ ಅವಳು ತೆಳು ಮಂಜುಗಡ್ಡೆಯ ಮೇಲೆ ಹೊಳೆ ದಾಟಿ ಬಂದಾಗ.

ಒಲೆಗೆ ಕಪ್ಪು ಕಲ್ಲೇ ಆಗಬೇಕು. ತಿಳಿ ಬಣ್ಣದ ಪಟ್ಟೆಕಲ್ಲು ಬೆಂಕಿ ತಡೆಯದೆ ಪುಡಿಯಾಗುತ್ತದೆ. ಅಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೂ ಓಯ್ವ ತನ್ನ ಒಲೆಗೆ ಒಂದು ಪಟ್ಟೆಕಲ್ಲು ಹಾಕಿದ. ಜೌಗಿನಾಚೆಯ ಕಾಡಿನಲ್ಲಿ, ಪಾಚಿ ಕೆಳಗೆ ಸಿಕ್ಕಿದ್ದು. ಬೆನ್ನ ಮೇಲೆ ಹೊತ್ತು ತಂದಿದ್ದ. ಅವನ ತಂಗಿ ಮಾರ್ತ ನಕ್ಕಳು.

"ಅಣ್ಣಾ, ಕಣ್ಣು ಮಂಜಾಯ್ತಾ? ಕ್ರಿಸ್‌ಮಸ್ ಹೊತ್ತಿಗೆ ಒಲೆಯಿಂದ ಮರಳು ಬಾಚ್ತೀಯ ನೋಡು."

"ನುಡೀತು," ಅಂದ ಓಯ್ವ.

ಕಲ್ಲು ಒಡೆಯಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ಮೇಲಿನ ಶನಿವಾರ ಸೈಮಿ ಒಬ್ಬಳೇ ಸೌನಾ ಕಾಯಿಸಿದಳು. ಒಲೆ ಹತ್ತಿರ ಕೂತು ಕಲ್ಲಿಗೆ ಒಂದು ಸೌಟು ನೀರು ಎರಚಿದಳು. ಚುಂಯ್ ಎಂದು ಹಬೆ ಎದ್ದಿತು, ಅಡಗಿತು. ಎಲ್ಲ ಅಡಗಿದ ಮೇಲೆ ಇನ್ನೊಂದು ಉಸಿರು ಬಂತು. ಉದ್ದದ್ದು, ಕೊನೆಯಲ್ಲಿ ಗಂಟಲಲ್ಲಿ ಸಿಕ್ಕಿಕೊಂಡಂಥದ್ದು. ಓಯ್ವ ಮಲಗಿದಾಗ ಬಿಡುತ್ತಿದ್ದದ್ದು ಹಾಗೇ.

ಅವಳಿಗೆ ಹೆದರಿಕೆ ಆಗಲಿಲ್ಲ. ಕಲ್ಲಿನಿಂದ ಏಳುವ ಹಬೆಗೆ ಆ ಕಡೆಯವರು ಲೊಯ್ಲು ಅನ್ನುತ್ತಾರೆ. ಸೈಮಿಯ ಅಜ್ಜಿ ಸಾಯುವವರ ಕೊನೆಯುಸಿರಿಗೂ ಅದೇ ಮಾತು ಆಡುತ್ತಿದ್ದಳು. ಲೊಯ್ಲು ಹೋಯ್ತು ಅಂದರೆ ಜೀವ ಹೋಯ್ತು ಅಂತ. ಹೋಗಿದ್ದು ಆ ಪಟ್ಟೆಕಲ್ಲಿಗೆ ಸೇರಿದೆ ಅಂದುಕೊಂಡಳು ಸೈಮಿ. ಶನಿವಾರ ಶನಿವಾರ ಅದರ ಹತ್ತಿರ ಮಾತಾಡಿದಳು. ಯಾರಿಗೂ ಹೇಳಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ರೀಕ್ಕ ಬಂದಳು. ಬಂಡೆಗಳ ವಯಸ್ಸು ಅಳೆಯುವವಳು. ಹಿಂದೊಮ್ಮೆ ಓಯ್ವ ಅವಳನ್ನು ದೋಣಿಯಲ್ಲಿ ಒಯ್ದು ತನ್ನ ಕಲ್ಲು ಸಿಕ್ಕಿದ ಜಾಗದ ಪಟ್ಟೆಬಂಡೆ ತೋರಿಸಿದ್ದ. ಆಗ ತಂದ ಚೂರು ತೀರಾ ಹಳೆಯದೆಂದು ಗೊತ್ತಾಯಿತು. ಆ ಚೂರನ್ನೆಲ್ಲ ಪರೀಕ್ಷೆಗೆ ಅರೆದು ಮುಗಿದಿತ್ತು. ಬಂಡೆ ಮತ್ತೆ ಸಿಕ್ಕಿರಲಿಲ್ಲ.

"ಜೌಗೆಲ್ಲ ಒಂದೇ ಥರ ಕಾಣುತ್ತೆ ಅಮ್ಮಾ. ಅವರಿಲ್ಲದೆ ನನಗೆ ದಾರಿ ಗೊತ್ತಾಗ್ತಿಲ್ಲ."

"ನನಗೂ," ಅಂದಳು ಸೈಮಿ.

ಕಾಫಿ ಬಗ್ಗಿಸುತ್ತಿದ್ದ ಮಾರ್ತಳ ಬಾಯಿ ನಿಲ್ಲಲಿಲ್ಲ. "ಕಾಡಿಗೆ ಯಾಕೆ ಹೋಗ್ತೀಯೇ ಹುಡುಗಿ? ಅದೇ ಕಲ್ಲು ನಮ್ಮ ಅತ್ತಿಗೆಯ ಒಲೇಲಿ ಬೇಯ್ತಾ ಕೂತಿದೆ."

ರೀಕ್ಕ ಲೋಟ ಕೆಳಗಿಟ್ಟಳು.

"ಕೊಡಲ್ಲ," ಅಂದಳು ಸೈಮಿ. "ಇಷ್ಟು ವರ್ಷ ಸುಟ್ಟಿದೆ. ನಿನಗೆ ಅದರಿಂದ ಏನು?"

"ಸೌನಾದ ಬೆಂಕಿ ಅದಕ್ಕೆ ಏನೂ ಅಲ್ಲ ಅಮ್ಮಾ. ಒಳಗೆ ಸಣ್ಣ ಸಣ್ಣ ಹರಳಿರುತ್ತೆ. ಭೂಮಿ ಮೇಲೆ ಮೊದಮೊದಲು ನೆಲ ಹೆಪ್ಪುಗಟ್ಟೋವಾಗ, ಕರಗಿದ ಕಲ್ಲು ಆರೋವಾಗ ಹುಟ್ಟಿದ್ದು. ಅದರೊಳಗೆ ಯುರೇನಿಯಂ ಚೂರುಚೂರೇ ಸೀಸ ಆಗ್ತಾ ಇರುತ್ತೆ. ಎಷ್ಟು ಆಗಿದೆ ಅಂತ ಅಳೆದರೆ ವಯಸ್ಸು ಗೊತ್ತಾಗುತ್ತೆ."

"ಅಂದರೆ ಒಳಗೊಳಗೇ ಸಾಯ್ತಾ ಇದೆ."

ರೀಕ್ಕ ಅವಳ ಕಡೆ ತಿರುಗಿದಳು. "ಹಾಗೂ ಅನ್ನಬಹುದು."

"ಆವತ್ತಿಂದ?"

"ಆವತ್ತಿಂದ. ಇನ್ನೂ ಮುಗಿದಿಲ್ಲ."

ಒಳಗೊಳಗೇ ಸಾಯುವಂಥದ್ದರಲ್ಲಿ ಓಯ್ವನನ್ನು ಬಿಟ್ಟಿದ್ದೇನಾ ಅನಿಸಿತು ಸೈಮಿಗೆ. ಆದರೂ ಅವನಿರುವ ಕಲ್ಲನ್ನು ಕೊಡುವುದು ಹೇಗೆ?

"ಇವತ್ತು ಶನಿವಾರ," ಅಂದಳು. "ಸೌನಾದೊಳಗೆ ಬಂದು ಕೇಳು. ಆಮೇಲೆ ಒಯ್ಯಬಹುದಾ ಅಂತ ನೀನೇ ಹೇಳು."

ಸೌನಾದಲ್ಲಿ ಕೂರಲು ಮೆಟ್ಟಿಲಿನ ಹಾಗೆ ಎರಡು ಹಲಗೆ. ಮೂವರೂ ಕೆಳಗಿನದರಲ್ಲಿ ಒಲೆಗೆ ಮುಖ ಮಾಡಿ ಕೂತರು. ರೂಢಿಯಂತೆ ಮಾರ್ತ ಬರ್ಚ್ ಮರದ ಸೊಪ್ಪಿನ ಕಂತೆಯಿಂದ ರೀಕ್ಕಳ ಬೆನ್ನಿಗೆ ಬಡಿದಳು. "ಓದಿದವರ ಬೆನ್ನೂ ನಮ್ಮಂಗೇ ಕೆಂಪಾಗುತ್ತೆ ಕಣೇ."

ಸೈಮಿ ನೀರು ಎರಚಿದಳು. ಹಬೆ ಎದ್ದಿತು, ಅಡಗಿತು. ಆಮೇಲೆ ಉಸಿರು ಬಂತು.

ಮಾರ್ತಳ ಕೈ ನಿಂತಿತು. ಅಣ್ಣನ ಉಸಿರು ಅವಳಿಗೂ ಗೊತ್ತು.

"ಕೇಳಿತಾ?" ಅಂದಳು ಸೈಮಿ. "ಆ ಕಲ್ಲೇ."

"ಅದು ಕಲ್ಲಿಂದ ಬರಲಿಲ್ಲ ಅಮ್ಮಾ." ರೀಕ್ಕಳ ದನಿ ಸಣ್ಣಗಾಗಿತ್ತು. "ಹಿಂದಿನಿಂದ ಬಂತು. ನನ್ನ ಕತ್ತಿಗೆ ತಾಗಿತು. ತಣ್ಣಗಿತ್ತು."

ಹಿಂದೆ ಇದ್ದದ್ದು ಮೇಲಿನ ಹಲಗೆ. ಓಯ್ವನ ಹೆಣವನ್ನು ಅದರ ಮೇಲೆ ಮಲಗಿಸಿ ಸೈಮಿ ತೊಳೆದಿದ್ದಳು. ಯಾರೂ ತಿರುಗಿ ನೋಡಲಿಲ್ಲ. ಒಬ್ಬರ ತೋಳು ಒಬ್ಬರು ಹಿಡಿದು ಹೊರಗೆ ಬಂದರು.

"ಗೋಡೆ ಸಂದೀಲಿ ಗಾಳಿ ಅತ್ತಿಗೆ," ಅಂದಳು ಮಾರ್ತ.

ಸೈಮಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದಳು. ಆಮೇಲೆ ಅಂದಳು, "ಬೆಳಿಗ್ಗೆ ಒಲೆ ಬಿಚ್ಚೋಣ. ಒಯ್ಯಿ."

"ನಿಜವಾಗ್ಲೂ?"

"ಅದರಲ್ಲಿ ಅವನಿಲ್ಲ. ಇಷ್ಟು ದಿನ ಅವನಿಗೆ ಬೆನ್ನು ಹಾಕ್ಕೊಂಡು ಕಲ್ಲಿನ ಹತ್ರ ಮಾತಾಡಿದೀನಿ."

ಬೆಳಿಗ್ಗೆ ಕಪ್ಪು ಕಲ್ಲುಗಳನ್ನೆಲ್ಲ ಇಳಿಸಿದರು. ಪಟ್ಟೆಕಲ್ಲು ತಳದಲ್ಲಿತ್ತು. ಬೂದಿ ಆರಿ ತಣ್ಣಗಾಗಿದ್ದರೂ ಕಲ್ಲು ಕೈಗೆ ಬೆಚ್ಚಗಿತ್ತು. ರೀಕ್ಕ ಒದ್ದೆ ಬಟ್ಟೆಯಿಂದ ಒರೆಸಿದಾಗ ಮಸಿಯ ಕೆಳಗಿನಿಂದ ಪಟ್ಟೆಗಳು ಮೇಲೆ ಬಂದವು.

ಮೊದಲ ಹಿಮ ಬಿದ್ದ ವಾರ ರೀಕ್ಕಳ ಫೋನ್ ಬಂತು.

"ಮುನ್ನೂರೈವತ್ತು ಕೋಟಿ ವರ್ಷ ಅಮ್ಮಾ. ಕೆಲವು ಹರಳಿನ ಹೊಟ್ಟೆಯೊಳಗೆ ಇನ್ನೂ ಹಳೇ ಹರಳಿದೆ. ಅಂದರೆ ಅದಕ್ಕೂ ಮುಂಚೆ ಬೇರೆ ನೆಲ ಇತ್ತು. ಅದು ಕರಗಿ ಇದಾಗಿದ್ದು."

"ಆ ಮುಂಚಿನ ನೆಲ ಎಲ್ಲಿದೆ?"

"ಎಲ್ಲೂ ಇಲ್ಲ. ಹರಳಷ್ಟೇ ಉಳಿದಿರೋದು."

"ಊಟ ಆಯ್ತಾ?" ಅಂತ ಕೇಳಿ ಸೈಮಿ ಫೋನ್ ಇಟ್ಟಳು.

ಆ ಶನಿವಾರ ಮಾರ್ತ ಸೌನಾಕ್ಕೆ ಬಂದಳು. ಕಾಲು ಎತ್ತಿ ಮೇಲಿನ ಹಲಗೆ ಹತ್ತಲು ಹೋದಳು.

"ಅಲ್ಲಿ ಬೇಡ," ಅಂದಳು ಸೈಮಿ. "ಕೆಳಗೆ ಕೂರು."

ಮಾರ್ತಳ ಬಾಯಿಗೆ ಏನೋ ತಮಾಷೆ ಬಂದಿತ್ತು. ನುಂಗಿಕೊಂಡು ಇಳಿದಳು. ಸೈಮಿ ಸೌಟನ್ನು ಅವಳ ಕೈಗೆ ಕೊಟ್ಟು, ಒಲೆಗೆ ಬೆನ್ನು ಹಾಕಿ, ಮೇಲಿನ ಹಲಗೆಯ ಕಡೆ ಮುಖ ಮಾಡಿ ಕೂತಳು.

"ನೀರು ಹಾಕು," ಅಂದಳು.