ಡೆಲ್ಮರ್ ಆಟ ನಿಲ್ಲಿಸಿದ ಭಾನುವಾರ

ವಾರದಲ್ಲಿ ಐದು ದಿನ ಡೆಲ್ಮರ್ ಪ್ರೇದರ್ ಮಾತಾಡುತ್ತಿದ್ದುದು ನಾಯಿಗಳ ಜೊತೆ. ಇಂಡಿಯಾನಾದ ದಕ್ಷಿಣದಲ್ಲಿರುವ ನಮ್ಮ ವೆಸ್ಟ್‌ಫಾಲ್ ಊರಿನ ಹೊರಗೆ, ಮುಸುಕಿನ ಜೋಳದ ಹೊಲಗಳ ನಡುವಿನ ಜಲ್ಲಿ ರಸ್ತೆಗಳಲ್ಲಿ ಅವನು ಅಂಚೆ ಹಂಚುತ್ತಿದ್ದ. ರಸ್ತೆಯಂಚಿನ ಡಬ್ಬಿಗೆ ಕಾಗದ ಹಾಕಿ ಮುಂದೆ ಹೋಗುವ ಕೆಲಸ. ಮನುಷ್ಯರ ಮುಖ ಕಾಣುವುದೇ ಅಪರೂಪ. "ಮನೆಗೆ ಬಂದು ಬಾಯಿ ತೆಗೆದ್ರೆ ನೀನು ಬೊಗಳ್ತೀಯೇನೋ ಅಂತ ಭಯ ಆಗುತ್ತೆ ಅಂತಾಳೆ ಅರ್ಲೀನ್," ಎಂದು ಹೆಂಡತಿಯ ಮಾತನ್ನು ನಮಗೆ ಹೇಳಿ ತಾನೇ ನಗುತ್ತಿದ್ದ. ಆ ಒಂಟಿತನ ಕಳೆಯಲೆಂದೇ ಶನಿವಾರ, ಭಾನುವಾರಗಳಲ್ಲಿ ಮಕ್ಕಳ ಬೇಸ್‌ಬಾಲ್ ಪಂದ್ಯಗಳಿಗೆ ಅಂಪೈರ್ ಆಗಲು ಹೊರಟ. ಹಾಗೆ ಹೊರಟವನು ಇಪ್ಪತ್ತೆರಡು ಬೇಸಿಗೆ ಬಿಡದೆ ನಿಂತ.

ಅದರಲ್ಲಿ ಹದಿನಾಲ್ಕು ಬೇಸಿಗೆ ನಾನು ಅವನ ಜೊತೆಗಿದ್ದೆ. ನಾನು ಇಲ್ಲಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಅವನು ಬ್ಯಾಟ್ ಹಿಡಿದವರ ಹಿಂದೆ ನಿಂತು ಎಸೆತ ನೋಡುತ್ತಿದ್ದ, ನಾನು ಮೈದಾನದೊಳಗೆ ಓಡುವವರನ್ನು ನೋಡುತ್ತಿದ್ದೆ. ನಮ್ಮ ನೀಲಿ ಅಂಗಿ ನೋಡಿ ಎಲ್ಲರೂ ನಮ್ಮನ್ನು 'ಬ್ಲೂ' ಎಂದೇ ಕರೆಯುವುದು. "ಏ ಬ್ಲೂ, ಕನ್ನಡಕ ಮನೇಲಿಟ್ಟು ಬಂದ್ಯಾ?" ಎಂದು ಅಪ್ಪಂದಿರು ಕೂಗಿದರೆ ಡೆಲ್ಮರ್ ಬಗ್ಗಿ, ಬ್ಯಾಟ್ ಹಿಡಿದವರು ನಿಲ್ಲುವಲ್ಲಿ ನೆಲಕ್ಕೆ ಹೂತಿದ್ದ ಬಿಳಿ ಪ್ಲೇಟಿನ ಧೂಳನ್ನು ಪುಟ್ಟ ಬ್ರಷ್ಷಿನಿಂದ ಗುಡಿಸುತ್ತಿದ್ದ. ಅದೇ ಅವನ ಉತ್ತರ.

ನಾನು ಬಂದ ಹೊಸತರಲ್ಲಿ ಮಕ್ಕಳು ಊರ ಲೀಗಿನಲ್ಲೇ ಆಡುತ್ತಿದ್ದರು. ಆಮೇಲೆ ಟ್ರಾವೆಲ್ ಟೀಮುಗಳು ಬಂದವು. ಏಳು, ಎಂಟು ವರ್ಷದ ಮಕ್ಕಳಲ್ಲೇ ಚುರುಕಾದವರನ್ನು ಆರಿಸಿ ತಂಡ ಕಟ್ಟುವುದು, ವಾರಾಂತ್ಯಕ್ಕೊಂದು ಊರಿಗೆ, ಕೆಲವೊಮ್ಮೆ ಬೇರೆ ರಾಜ್ಯಕ್ಕೇ ಹೋಗಿ ಆಡುವುದು, ಗೆದ್ದರೆ ಮಗುವಿನ ಬೆರಳಿಗಿಂತ ದಪ್ಪದ ಉಂಗುರ. ಉಳಿದವರಿಗಷ್ಟೇ ಎಂಬಂತಾದ ಊರ ಲೀಗು ವರ್ಷದಿಂದ ವರ್ಷಕ್ಕೆ ಸೊರಗಿತು.

ಮಕ್ಕಳಿಗೆ ಅದು ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ. ಮೋಟೆಲಿನ ಈಜುಕೊಳ, ಕಾರಿನಲ್ಲಿ ಹಾಡು, ಪಕ್ಕದ ರಾಜ್ಯದ ಗೆಳೆಯರು, ಚೆನ್ನಾಗಿ ಆಡುವವರ ಜೊತೆ ಆಡುವ ಖುಷಿ, ಎಲ್ಲವೂ ಅವರ ಕಣ್ಣಲ್ಲಿ ಕಾಣುತ್ತಿತ್ತು. ಆದರೆ ಡೆಲ್ಮರ್ ಒಂದು ಸಲ ಕಾರಿನಲ್ಲಿ ಹೇಳಿದ್ದು ನೆನಪಿದೆ: "ಎಂಟು ವರ್ಷಕ್ಕೆ ನೋಡಿದ ಮುಖಗಳು ಹದಿಮೂರಕ್ಕೆ ಕಾಣಲ್ಲ ಕಣೋ ಹಾಲಿಸ್. ಅಷ್ಟೊತ್ತಿಗೆ ಅರ್ಧಕ್ಕರ್ಧ ಮಕ್ಕಳು ಆಟಾನೇ ಬಿಟ್ಟಿರ್ತಾರೆ."

"ಯಾರಿಗಾದ್ರೂ ಹೇಳಬಾರದಾ?" ಎಂದೆ.

"ನನ್ನ ಕೆಲಸ ಎಸೆತ ಸರಿ ಇದೆಯೋ ಇಲ್ವೋ ಹೇಳೋದು. ಮಕ್ಕಳನ್ನ ಸಾಕೋದಲ್ಲ," ಎಂದ. ಅಲ್ಲಿಗೆ ಆ ಮಾತು ಮುಗಿದಿತ್ತು.

ನಾಲ್ಕು ವರ್ಷದ ಹಿಂದಿನ ಆ ಜುಲೈ ಭಾನುವಾರ, ಟ್ರಾವೆಲ್ ಟೀಮುಗಳ ಟೂರ್ನಮೆಂಟಿನ ಸೆಮಿಫೈನಲ್ಲಿಗೆ ಬಂದದ್ದು ನಮ್ಮ ಕಡೆಯದೇ ತಂಡ, ರಿವರ್ ಹಾಕ್ಸ್. ಒಂಬತ್ತು ವರ್ಷದವರು. ಚೆಂಡೆಸೆಯುತ್ತಿದ್ದವಳು ಟಿಲ್ಲಿ ರಕ್‌ಮನ್, ಹುಡುಗರ ತಂಡದಲ್ಲಿದ್ದ ಒಬ್ಬಳೇ ಹುಡುಗಿ, ಅವರೆಲ್ಲರಿಗಿಂತ ಜೋರಾಗಿ ಎಸೆಯುವವಳು. ಅವಳ ಅಪ್ಪ ಕ್ಲಿಂಟ್ ರಕ್‌ಮನ್ನನೇ ತಂಡದ ಕೋಚ್. ಕಾಂಕ್ರೀಟ್ ಹಾಕುವ ಕಂತ್ರಾಟುದಾರ, ಎತ್ತರದ ಆಳು, ಕೆಟ್ಟ ಮನುಷ್ಯನಲ್ಲ. ಅವರ ಮನೆ ಡೆಲ್ಮರನ ಅಂಚೆ ದಾರಿಯಲ್ಲೇ ಇತ್ತು.

ಎರಡು ದಿನದಲ್ಲಿ ಅದು ಆ ಮಕ್ಕಳ ಐದನೇ ಪಂದ್ಯ. ಬಿಸಿಲು ನೆತ್ತಿ ಸುಡುತ್ತಿತ್ತು. ಮೂರನೇ ಇನಿಂಗ್ಸ್ ಮುಗಿದಾಗ ಟಿಲ್ಲಿ ಬೆಂಚಿನ ಮೇಲೆ ಕೂತು ನೀರು ಕುಡಿದಳು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಡೆಲ್ಮರನಿಗೆ ಕಂಡಿತು: ಬಲಗೈ ಹುಡುಗಿ ಬಾಟಲಿಯನ್ನು ಎಡಗೈಯಲ್ಲಿ ಎತ್ತಿದಳು, ಬಲಗೈ ತೊಡೆಯ ಮೇಲೆ ಹಾಗೇ ಬಿದ್ದಿತ್ತು.

ನಾಲ್ಕನೇ ಇನಿಂಗ್ಸಿನ ನಡುವೆ ಡೆಲ್ಮರ್ ಹೊಸ ಚೆಂಡು ಕೊಡುವ ನೆಪದಲ್ಲಿ ಎಸೆಯುವ ದಿಬ್ಬದವರೆಗೂ ನಡೆದ. ನಾನು ಹತ್ತಿರವೇ ಇದ್ದೆ.

"ಟಿಲ್ಲಿ, ಕೈ ನೋಯ್ತಿದೆಯಾ?"

"ಇಲ್ಲ."

"ಎಡಗೈಲಿ ನೀರು ಕುಡಿದೆ."

ಅವಳು ಬೂಟಿನ ತುದಿಯಿಂದ ಮಣ್ಣು ಕೆದಕಿದಳು. "ಮೊಣಕೈ ಒಂಚೂರು. ನಿನ್ನೆಯಿಂದ. ಅಪ್ಪಂಗೆ ಹೇಳ್ಬೇಡಿ ಮಿಸ್ಟರ್ ಪ್ರೇದರ್. ನಾನು ಬಿಟ್ರೆ ಬೆಕೆಟ್ ಎಸೀತಾನೆ. ಅವನು ಎಸೆದ್ರೆ ಸೋಲೋದು ಗ್ಯಾರಂಟಿ."

ನಿಯಮದ ಪ್ರಕಾರ ಅವಳು ಇನ್ನೂ ಒಂದು ಇನಿಂಗ್ಸ್ ಎಸೆಯಬಹುದಿತ್ತು. ಡೆಲ್ಮರ್ ಕೊಡಲು ತಂದಿದ್ದ ಚೆಂಡನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಆಮೇಲೆ ಎರಡೂ ಕೈ ಮೇಲೆತ್ತಿ ಆಟ ನಿಲ್ಲಿಸಿದ.

ಕ್ಲಿಂಟ್ ದಾಪುಗಾಲು ಹಾಕಿ ಬಂದ. "ಏನಾಯ್ತು?"

"ಗಾಯ. ಬೇರೆಯವರನ್ನ ಎಸೆಯೋಕೆ ಹಾಕು."

"ಗಾಯ ಎಲ್ಲಿದೆ? ರಕ್ತ ಬಂದಿದೆಯಾ? ಟಿಲ್ಲಿ, ಕೈ ಸರಿ ಇದೆ ತಾನೇ?"

"ಸರಿ ಇದೆ ಅಪ್ಪ," ಎಂದಳು ಟಿಲ್ಲಿ ನೆಲ ನೋಡುತ್ತ.

"ಕೇಳಿಸ್ತಲ್ಲ? ಎಸೀಲಿ ಬಿಡು."

"ಅವಳು ನಿನ್ನ ಸಲುವಾಗಿ ಹಾಗಂತಿದಾಳೆ ಕ್ಲಿಂಟ್. ಈ ಕೈಯಲ್ಲಿ ಅವಳು ಎಸೆದ್ರೆ ನಾನು ಅಂಪೈರ್ ಆಗಿ ನಿಲ್ಲಲ್ಲ."

ಬೇಲಿಯಾಚೆ ಗದ್ದಲ ಎದ್ದಿತು. ಮಡಿಸುವ ಕುರ್ಚಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ, "ಅಂಚೆ ಹಂಚೋಕೆ ಹೋಗೋ ಬ್ಲೂ! ಅದನ್ನೂ ತಪ್ಪು ಮನೆಗೇ ಹಾಕ್ತೀಯ!" ಎಂದು ಕಿರುಚಿದಳು. ಡೆಲ್ಮರ್ ಕದಲಲಿಲ್ಲ. ಕೊನೆಗೆ ಬೆಕೆಟ್ ಚೆಂಡು ಹಿಡಿದು ದಿಬ್ಬ ಹತ್ತಿದ. ಹಾಕ್ಸ್ ಹೀನಾಯವಾಗಿ ಸೋತರು. ಆಟ ಮುಗಿದ ಮೇಲೆ ಟಿಲ್ಲಿ ನೇರ ಡೆಲ್ಮರನ ಎದುರಿಗೆ ಬಂದಳು. ಮುಖದ ಧೂಳಿನ ಮೇಲೆ ಕಣ್ಣೀರು ಗೆರೆ ಎಳೆದಿತ್ತು.

"ಹೇಳ್ಬೇಡಿ ಅಂದಿದ್ದೆ! ನಿಮ್ಮನ್ನ ಯಾರು ಕೇಳಿದ್ರು?"

ಡೆಲ್ಮರ್ ಬಗ್ಗಿ, ಆಟ ಮುಗಿದಿದ್ದರೂ ಮತ್ತೆ ಪ್ಲೇಟಿನ ಧೂಳು ಗುಡಿಸತೊಡಗಿದ.

ಕ್ಲಿಂಟ್ ದೂರು ಕೊಟ್ಟ. ಟೂರ್ನಮೆಂಟ್ ನಡೆಸುವವರು ಮುಂದಿನ ವಾರದಿಂದ ಡೆಲ್ಮರನನ್ನು ಕರೆಯುವುದು ನಿಲ್ಲಿಸಿದರು. ನನಗೂ ಹೋಗಲು ಮನಸ್ಸಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನಿಗೆ ಶನಿವಾರ ಏನು ಮಾಡಬೇಕೆಂದು ತೋಚಲಿಲ್ಲ. ಗ್ಯಾರೇಜ್ ಮೂರು ಸಲ ಗುಡಿಸಿದನಂತೆ. ನಾಲ್ಕನೇ ಸಲ ಅರ್ಲೀನ್ ಪೊರಕೆ ಬಚ್ಚಿಟ್ಟಳು.

ರಕ್‌ಮನ್ನರ ಡಬ್ಬಿಗೆ ಅವನು ದಿನಾ ಕಾಗದ ಹಾಕಲೇಬೇಕಿತ್ತು. ಎರಡು ವಾರ ಆ ಮನೆಯಿಂದ ಯಾರೂ ಹೊರಗೆ ತಲೆ ಹಾಕಲಿಲ್ಲ. ಮೂರನೇ ವಾರ ಟಿಲ್ಲಿಯ ಅಮ್ಮ ಜೋಲೀನ್ ಡಬ್ಬಿಯ ಪಕ್ಕ ಕಾಯುತ್ತ ನಿಂತಿದ್ದಳು. ಕೈಯಲ್ಲಿ ಅಲ್ಯೂಮಿನಿಯಂ ಹಾಳೆ ಮುಚ್ಚಿದ ಒಂದು ತಟ್ಟೆ.

"ಪೀಚ್ ಹಣ್ಣಿನ ಪೈ. ಅರ್ಲೀನ್‌ಗೂ ಕೊಡಿ, ದಾರೀಲೇ ಮುಗಿಸ್ಬೇಡಿ," ಎಂದಳು. "ಡಾಕ್ಟರ್ ಹತ್ರ ಹೋಗಿದ್ವಿ ಡೆಲ್ಮರ್. ಮೊಣಕೈಲಿ ಮೂಳೆ ಬೆಳೆಯೋ ಜಾಗ ಇರುತ್ತಂತಲ್ಲ, ಅಲ್ಲಿ ಊದಿಕೊಂಡಿದೆ. ನಾಲ್ಕು ತಿಂಗಳು ಚೆಂಡು ಮುಟ್ಟಬಾರದು. ಪೂರ್ತಿ ವಾಸಿ ಆಗುತ್ತೆ ಅಂದ್ರು. ಆದ್ರೆ ಹಾಗೇ ಎಸೀತಾ ಹೋಗಿದ್ರೆ..." ಅವಳು ತಟ್ಟೆಯನ್ನು ಅವನ ಕೈಗಿಟ್ಟಳು. "ಕ್ಲಿಂಟ್ ಸರಿಯಾಗಿ ಊಟ ಮಾಡ್ತಿಲ್ಲ. ನಿಮ್ಮ ಹೆಸರೆತ್ತಿದ್ರೆ ಎದ್ದು ಹೋಗ್ತಾರೆ. ಅದು ನಿಮ್ಮ ಮೇಲಿನ ಕೋಪ ಅಲ್ಲ ಅಂತ ನಂಗೆ ಗೊತ್ತು."

ಅಂದು ಸಂಜೆ ಡೆಲ್ಮರ್ ಪೈಯ ಒಂದು ತುಂಡು ಹಿಡಿದು ನಮ್ಮ ಮನೆಗೆ ಬಂದ. ಮಾಡಿದ್ದು ಸರಿಯಾಯಿತೆಂದು ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಅವನು ಮಾತ್ರ ಕುರ್ಚಿಯ ತುದಿಯಲ್ಲಿ ಕೂತು, "ಇಷ್ಟು ವರ್ಷದಲ್ಲಿ ಇನ್ನೆಷ್ಟು ಮಕ್ಕಳು ಹೀಗೆ ಎಡಗೈಲಿ ನೀರು ಕುಡಿದ್ರೋ ಹಾಲಿಸ್. ನಾನು ಎಸೆತ ನೋಡ್ತಾ ನಿಂತಿದ್ದೆ," ಎಂದ.

ದನಗಳ ಮೇವು ಅರೆಯುತ್ತಿದ್ದ ಹಳೇ ಗಿರಣಿಯ ಹಿಂದೆ ಒಂದು ಬಯಲು ಖಾಲಿ ಬಿದ್ದಿತ್ತು. ಆಗಸ್ಟ್ ಮೊದಲ ವಾರ ಡೆಲ್ಮರ್ ಗಿರಣಿಯ ಯಜಮಾನನನ್ನು ಕೇಳಿ ಅಲ್ಲಿ ಹುಲ್ಲು ಕತ್ತರಿಸಿದ. ನಾಲ್ಕು ಹಳೇ ಕಾಲೊರಸು ತಂದು, ಓಡುವವರು ಮುಟ್ಟಬೇಕಾದ ಬೇಸುಗಳ ಜಾಗದಲ್ಲಿ ಹಾಸಿದ. ಅಂಚೆ ಕಚೇರಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ: ಗುರುವಾರ ಸಂಜೆ ಐದಕ್ಕೆ ಬೇಸ್‌ಬಾಲ್, ಹನ್ನೆರಡು ವರ್ಷದೊಳಗಿನ ಯಾರು ಬೇಕಾದರೂ ಬರಬಹುದು, ಕೋಚ್ ಇಲ್ಲ, ಅಂಪೈರ್ ಇಲ್ಲ, ದೊಡ್ಡವರು ಬೇಲಿಯಾಚೆ ಬಾಯಿ ಮುಚ್ಚಿಕೊಂಡು ಕೂರಬೇಕು.

ಮೊದಲ ಗುರುವಾರ ಬಂದದ್ದು ಮೂವರು. ಅದರಲ್ಲಿ ಒಬ್ಬ ಕಳೆದುಹೋದ ನಾಯಿ ಹುಡುಕಿಕೊಂಡು ಬಂದವನು. ಎರಡನೇ ವಾರ ಹನ್ನೊಂದು ಮಂದಿ. ತಂಡ ಹಂಚಿಕೊಳ್ಳುವುದರಲ್ಲೇ ಅರ್ಧ ಗಂಟೆ ಜಗಳ, ಒಂದು ಔಟಿಗೆ ಇನ್ನರ್ಧ ಗಂಟೆ, ಆಡಿದ್ದು ಹತ್ತೇ ನಿಮಿಷ. ನಾನು ಎದ್ದು ಬಿಡಿಸಲು ಹೋದರೆ ಡೆಲ್ಮರ್ ನನ್ನ ತೋಳು ಹಿಡಿದು ಕೂರಿಸಿದ.

"ಬಿಡು, ಅವರೇ ಬಗೆಹರಿಸ್ಕೋತಾರೆ."

"ಆಟಾನೇ ಆಗ್ಲಿಲ್ವಲ್ಲೋ!"

"ಇದೇ ಆಟ. ನಾವು ಚಿಕ್ಕವರಿದ್ದಾಗ ಏನು ಮಾಡ್ತಿದ್ವಿ ಮತ್ತೆ?"

ಮೂರನೇ ವಾರ ಜೋಲೀನ್ ಟಿಲ್ಲಿಯನ್ನು ಕರೆತಂದಳು. ಹುಡುಗಿ ಗಂಟುಮುಖ ಹಾಕಿಕೊಂಡು ಬೇಲಿಗೊರಗಿ ನಿಂತಳು. ಡೆಲ್ಮರ್ ಅವಳ ಪಕ್ಕ ಹೋಗಿ ನಿಂತ.

"ಇನ್ನೂ ಕೋಪಾನಾ?"

"ಹೂಂ."

"ಇರಲಿ. ಆದ್ರೆ ಇವರ ಜಗಳ ನೋಡೋಕಾಗ್ತಿಲ್ಲ. ಅಂಪೈರ್ ಬೇಡ ಅಂತ ನಾನೇ ಬರೆದು ಹಾಕಿದೀನಿ, ಅದಕ್ಕೆ ನಾನು ಒಳಗೆ ಹೋಗೋ ಹಾಗಿಲ್ಲ. ನಿನಗೆ ಇನ್ನೂ ಹನ್ನೆರಡು ಆಗಿಲ್ಲ."

ಟಿಲ್ಲಿ ಯೋಚಿಸಿದಳು. ಆಮೇಲೆ ಬೇಲಿ ನುಸುಳಿ ಒಳಗೆ ಹೋದಳು. ಅವಳಷ್ಟು ಕಟ್ಟುನಿಟ್ಟಿನ ಅಂಪೈರ್ ನಮ್ಮ ಜಿಲ್ಲೆಯಲ್ಲೇ ಇರಲಿಲ್ಲ. ಆರು ವರ್ಷದ ಒಬ್ಬ ಪೋರ ಔಟಾಗಿ ಕಾಲೊರಸಿನ ಮೇಲೆ ಕೂತುಬಿಟ್ಟ.

"ನಾನು ಹೋಗಲ್ಲ. ನಾಳೆ ನನ್ನ ಬರ್ತ್‌ಡೇ."

"ನಾಳೆ ತಾನೇ? ನಾಳೆ ನಾಟೌಟ್. ಇವತ್ತು ಎದ್ದು ನಡಿ," ಎಂದಳು ಟಿಲ್ಲಿ. ಅವನು ಎದ್ದು ಹೋದ. ಬೇಲಿಯಾಚೆ ನಾವು ಬಾಯಿ ಮುಚ್ಚಿಕೊಂಡೇ ನಕ್ಕೆವು.

ಸೆಪ್ಟೆಂಬರ್‌ನಲ್ಲಿ ಕ್ಲಿಂಟನ ಟ್ರಕ್ಕು ರಸ್ತೆಯ ಬದಿಗೆ ಬಂದು ನಿಲ್ಲತೊಡಗಿತು. ಇಂಜಿನ್ ಆರಿಸದೆ ಒಳಗೇ ಕೂತಿರುತ್ತಿದ್ದ. ಮೂರನೇ ಸಲ ಇಳಿದ. ಬೇಲಿಯ ತಂತಿ ಹಿಡಿದು, ಡೆಲ್ಮರನ ಕಡೆ ತಿರುಗದೆಯೇ ಮಾತು ತೆಗೆದ.

"ನಾನು ಆಡೋಕೆ ಶುರು ಮಾಡಿದ್ದು ಹದಿಮೂರಕ್ಕೆ. ಹೈಸ್ಕೂಲ್ ಟೀಮಿನ ಪಟ್ಟೀನ ಗೋಡೆಗೆ ಹಚ್ಚಿದ್ರು. ನನ್ನ ಹೆಸರು ಇರಲಿಲ್ಲ. ಕೆಳಗಿಂದ ಮೇಲಕ್ಕೆ ನಾಲ್ಕು ಸಲ ಓದಿದೆ. ಲೇಟಾಗಿ ಬಂದೆ ಕಣೋ ಅಂದ್ರು ಕೋಚು, ಬೇರೆಯವರೆಲ್ಲ ಆರು ವರ್ಷದಿಂದ ಆಡ್ತಿದಾರೆ ಅಂತ. ನನ್ನ ಮಗಳಿಗೆ ಯಾರೂ ಆ ಮಾತು ಹೇಳಬಾರದು ಅನ್ಕೊಂಡೆ, ಅಷ್ಟೇ."

"ತಪ್ಪೇನಿಲ್ಲ ಅದರಲ್ಲಿ," ಎಂದ ಡೆಲ್ಮರ್.

"ಅವಳು ನಿನಗೆ ಹೇಳಿದ್ಲು. ನನಗೆ ಹೇಳ್ಲಿಲ್ಲ. ಕೈ ನೋವು ಅಂತ ಸ್ವಂತ ಅಪ್ಪಂಗೆ ಹೇಳೋಕೆ ಹೆದರಿದ್ಲು. ಅದೇ ನುಂಗೋಕಾಗ್ತಿಲ್ಲ."

ಡೆಲ್ಮರ್ ಅವನ ಪಕ್ಕಕ್ಕೆ ಬಂದು ಬೇಲಿಗೊರಗಿದ. ಮೈದಾನದಲ್ಲಿ ಟಿಲ್ಲಿ ಇಬ್ಬರು ಹುಡುಗರ ನಡುವೆ ನಿಂತು ಎರಡೂ ಕೈ ಚಾಚಿ ಜಗಳ ಬಿಡಿಸುತ್ತಿದ್ದಳು.

"ಅವಳು ಹೆದರಿದ್ದು ನಿನಗಲ್ಲ ಕ್ಲಿಂಟ್, ನಿನಗೆ ಬೇಜಾರಾಗುತ್ತೆ ಅಂತ. ಅವಳಿಗಿನ್ನೂ ಒಂಬತ್ತು. ಏನು ಬೇಕು ಅಂತ ಅವಳನ್ನೇ ಕೇಳು. ಇವತ್ತೇ ಹೇಳು ಅಂತ ಕೂರಬೇಡ."

ಕ್ಷಮೆ ಕೇಳುವುದು ಕ್ಲಿಂಟನ ಬಾಯಿಗೆ ಬರುವ ವಿದ್ಯೆಯಲ್ಲ. ಮುಂದಿನ ಶನಿವಾರ ಅವನು ತನ್ನ ಆಳುಗಳನ್ನೂ ಮಿಕ್ಸರ್ ಲಾರಿಯನ್ನೂ ತಂದು ಗಿರಣಿಯ ಹಿಂದಿನ ಬೇಲಿಯುದ್ದಕ್ಕೂ ನೆಲಕ್ಕೆ ಕಾಂಕ್ರೀಟ್ ಹಾಕಿದ. ದೊಡ್ಡವರು ಕೆಸರಿನಲ್ಲಿ ಕಾಲಿಡದೆ ಕೂರಲಿ ಎಂದು. ಹಸಿ ಕಾಂಕ್ರೀಟಿನ ಮೇಲೆ ಮಕ್ಕಳೆಲ್ಲ ಅಂಗೈ ಒತ್ತಿದರು. ಕೆಡಿಸಬೇಡಿ ಎಂದು ಅವನು ಬೈಯುವನೆಂದು ನಾನು ಕಾದೆ. ಅವನೂ ಮೊಣಕಾಲೂರಿ, ಮಗಳ ಕೈಯ ಪಕ್ಕ ತನ್ನ ಕೈ ಒತ್ತಿದ.

ವಸಂತಕ್ಕೆ ಟಿಲ್ಲಿಯ ಕೈ ವಾಸಿಯಾಯಿತು. ಟ್ರಾವೆಲ್ ಟೀಮಿಗೆ ಹೋಗ್ತೀಯಾ ಎಂದು ಅಪ್ಪ ಕೇಳಿದಾಗ, "ಹನ್ನೆರಡಾದ್ಮೇಲೆ ಕೇಳಿ," ಎಂದಳಂತೆ. ಕ್ಲಿಂಟ್ ಊರ ಲೀಗಿನಲ್ಲೇ ಕೋಚ್ ಆದ. ಯಾರು ಎಷ್ಟು ಚೆಂಡು ಎಸೆದರು ಎಂದು ಅವನೇ ಬರೆದಿಡುತ್ತಿದ್ದ. ಹಳೇ ಹಾಕ್ಸ್‌ನ ಐದು ಮಕ್ಕಳು ಅವನ ಹಿಂದೆ ಬಂದರು. ಉಳಿದವರು ಟ್ರಾವೆಲ್ ಟೀಮಿನಲ್ಲೇ ಉಳಿದರು. ಅವರಲ್ಲಿ ಬೆಕೆಟ್ ಈಗ ಬಲು ಚೆನ್ನಾಗಿ ಎಸೆಯುತ್ತಾನೆ, ನಗುನಗುತ್ತಲೇ ಎಸೆಯುತ್ತಾನೆ. ಎಲ್ಲ ಮಕ್ಕಳಿಗೂ ಒಂದೇ ಅಳತೆ ಎಂದು ಡೆಲ್ಮರನೂ ಹೇಳುವುದಿಲ್ಲ, ನಾನೂ ಹೇಳಲಾರೆ.

ಟಿಲ್ಲಿಗೆ ಈಗ ಹದಿಮೂರು. ಹನ್ನೆರಡು ತುಂಬಿದ ವಾರವೇ ಅಪ್ಪ ಕೇಳುವ ಮೊದಲು ತಾನೇ ಕೇಳಿ ಟ್ರಾವೆಲ್ ಟೀಮಿಗೆ ಸೇರಿದಳು. ಡೆಲ್ಮರ್ ಹೋದ ವರ್ಷ ಅಂಚೆ ಕೆಲಸದಿಂದ ನಿವೃತ್ತನಾದ. ಆ ಟೂರ್ನಮೆಂಟಿನವರು ಇನ್ನೂ ಅವನನ್ನು ಕರೆದಿಲ್ಲ, ಅವನಿಗೆ ಪುರುಸೊತ್ತೂ ಇಲ್ಲ. ಗುರುವಾರಕ್ಕೆ ನಲವತ್ತು ಮಕ್ಕಳು ಬರುತ್ತಾರೆ. ಪಕ್ಕದ ಎರಡು ಊರಿನವರೂ ಹುಲ್ಲು ಕತ್ತರಿಸಲು ಶುರು ಮಾಡಿದ್ದಾರೆ.

ಈ ಜೂನ್‌ನಲ್ಲಿ ರಕ್‌ಮನ್ನರು ಒತ್ತಾಯ ಮಾಡಿ ನನ್ನನ್ನೂ ಪ್ರೇದರ್ ದಂಪತಿಯನ್ನೂ ಟಿಲ್ಲಿಯ ಪಂದ್ಯ ನೋಡಲು ಪಕ್ಕದ ಕೆಂಟಕಿ ರಾಜ್ಯಕ್ಕೆ ಕರೆದುಕೊಂಡು ಹೋದರು. ಟಿಲ್ಲಿ ಮೂರು ಇನಿಂಗ್ಸ್ ಎಸೆದಳು, ಒಂಬತ್ತು ಜನರನ್ನು ಔಟ್ ಮಾಡಿದಳು. ನಾಲ್ಕನೆಯದಕ್ಕೆ ಕೋಚ್ ಚೆಂಡು ಚಾಚಿದಾಗ ತೋಳು ತಿರುಗಿಸಿ ನೋಡಿಕೊಂಡು, "ಇವತ್ತಿಗೆ ಸಾಕು," ಎಂದು ಬೆಂಚಿಗೆ ಹೋಗಿ ಕೂತಳು. ಕೋಚ್ ತಲೆಯಾಡಿಸಿ ಬೇರೆಯವನನ್ನು ಕರೆದ. ನನ್ನ ಪಕ್ಕ ಕ್ಲಿಂಟ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಡೆಲ್ಮರ್ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದ. ಏನಾಯಿತೆಂದು ತಿಳಿಯದೆ ಸುತ್ತಲಿನವರೆಲ್ಲ ಅವನನ್ನೇ ನೋಡಿದರು.

ಆಟ ಒಂದು ರನ್ನಿನಿಂದ ಕೈತಪ್ಪಿತು. ಸಂಜೆ ನಾವು ದೊಡ್ಡವರು ಮೋಟೆಲಿನ ಹೊರಗೆ ಕುರ್ಚಿ ಹಾಕಿಕೊಂಡು ಸ್ಯಾಂಡ್‌ವಿಚ್ ತಿನ್ನುತ್ತ, ಎಲ್ಲಿ ಸೋತೆವು ಎಂದು ಲೆಕ್ಕಾಚಾರ ಹಾಕುತ್ತಿದ್ದೆವು. ಈಜುಕೊಳದಲ್ಲಿ ಟಿಲ್ಲಿ ಮತ್ತವಳ ಗೆಳೆಯರು ಒಬ್ಬರನ್ನೊಬ್ಬರು ನೀರಿಗೆ ತಳ್ಳುತ್ತ ಹಾಕುತ್ತಿದ್ದ ಗಲಾಟೆಯಲ್ಲಿ ನಮ್ಮ ಮಾತು ನಮಗೇ ಕೇಳಿಸುತ್ತಿರಲಿಲ್ಲ.